ಟೆಂಟು ಮಾರಾಟಕ್ಕಿದೆ

ನನ್ನ ಲ್ಯಾಪ್‌ಟಾಪಿನಲ್ಲಿ ‘ಕನ್ಯಾಕುಮಾರಿ ಫೈನಲ್ 7’ ಅಂತ ಒಂದು ಎಕ್ಸೆಲ್ ಶೀಟ್ ಇದೆ. ಒಟ್ಟು 64 ಸಾಲು. ಟೆಂಟು, ಸ್ಲೀಪಿಂಗ್ ಬ್ಯಾಗು, ಗಾಳಿ ತುಂಬುವ ಚಾಪೆ, ಗಾಳಿ ತುಂಬುವ ದಿಂಬು, ಮಡಚುವ ಕುರ್ಚಿ, ಮಡಚುವ ಬಕೆಟ್ಟು, ಗ್ಯಾಸ್ ಸ್ಟೌ, ಟೈಟಾನಿಯಂ ಲೋಟ. ಪ್ರತಿಯೊಂದರ ಎದುರಿಗೂ ತೂಕ, ಬೆಲೆ. ಚಮಚದ ತೂಕವೂ ಇದೆ, 17 ಗ್ರಾಂ. ನಾನೂ ನನ್ನಿಬ್ಬರು ಗೆಳೆಯರೂ ಕೂತು ಈ ಪಟ್ಟಿಯನ್ನು ಎರಡು ವರ್ಷ ತಿದ್ದಿದ್ದೇವೆ. ಆ ಎರಡು ವರ್ಷದಲ್ಲಿ ನಮ್ಮ ಸೈಕಲ್ಲುಗಳು ಕಂಡ ಅತಿ ದೂರದ ಜಾಗ ನಂದಿ ಬೆಟ್ಟ. ಅದೂ ಇಡ್ಲಿ ತಿನ್ನೋಕೆ.

ಆಫೀಸಿನಲ್ಲಿ ಯಾರನ್ನಾದರೂ ‘ಟೂರ್ ಯಾವಾಗ ಗುರು?’ ಅಂತ ಕೇಳಿ ನೋಡಿ. ‘ಗೇರ್ ಒಂದ್ ಸೆಟ್ ಆಗ್ಲಿ ಮಗಾ, ಹೊರಟೇಬಿಡೋದು’ ಅನ್ನುತ್ತಾರೆ. ಸೆಟ್ ಆಗುವುದೇ ಇಲ್ಲ. ಒಂದು ಬ್ಯಾಗು ಬಂದರೆ ಅದಕ್ಕೊಂದು ಮಳೆಯ ಹೊದಿಕೆ ಬೇಕು, ಹೊದಿಕೆ ಬಂದರೆ ಅದನ್ನು ಕಟ್ಟುವ ಪಟ್ಟಿ ಬೇಕು. ನಮ್ಮ ಮೂವರಲ್ಲಿ ಒಬ್ಬ ಇವತ್ತಿಗೂ ಹೊರಟಿಲ್ಲ, ಹ್ಯಾಂಡಲ್ ಬ್ಯಾಗು ಕಸ್ಟಮ್ಸಿನಲ್ಲಿ ಸಿಕ್ಕಿಕೊಂಡಿದೆಯಂತೆ. ಸೀರೆ ಆರಿಸುತ್ತಾ ಆರಿಸುತ್ತಾ ಮುಹೂರ್ತವನ್ನೇ ಮೀರಿಸಿದ ಹಾಗೆ.

ಇದನ್ನು ಸೋಮಾರಿತನ, ಶೋಕಿ ಅಂತ ಬೈದು ಮುಗಿಸಬಹುದಿತ್ತು. ಆದರೆ ಹೋದ ಆಷಾಢದಲ್ಲಿ ನಾನೂ ಇನ್ನೊಬ್ಬ ಗೆಳೆಯನೂ ‘ಟ್ರಯಲ್’ ಅಂತ ಚಾಮರಾಜನಗರದಿಂದ ಗುಂಡ್ಲುಪೇಟೆ ಕಡೆಗೆ ಹೊರಟ ಮೇಲೆ ನನಗೆ ಕಾಣುತ್ತಿರುವ ತಪ್ಪೇ ಬೇರೆ. ಆ ಪಟ್ಟಿಯೇ ನಮ್ಮದಲ್ಲ. ಅದು ಐಸ್‌ಲ್ಯಾಂಡಿನದು, ಪಟಗೋನಿಯಾದ್ದು, ಅಲಾಸ್ಕಾದ್ದು. ಒಂದು ಅಂಗಡಿ ಬಿಟ್ಟರೆ ಇನ್ನೊಂದು ಅಂಗಡಿ ಎರಡು ದಿನದ ದಾರಿ ಇರುವ ನಾಡಿನಲ್ಲಿ ಸೈಕಲ್ ತುಳಿದವರು ಬರೆದಿಟ್ಟ ಪಟ್ಟಿ. ‘ದಾರಿಯಲ್ಲಿ ಯಾರೂ ಇರುವುದಿಲ್ಲ’ ಎಂಬ ಒಂದೇ ಭಯ ಅದರ ಪ್ರತಿ ಸಾಲಿನ ಹಿಂದೆಯೂ ಇದೆ. ಅವರಿಗೆ ಆ ಭಯ ಸರಿ. ನಾವು ಅದನ್ನು ತಂದು, 23 ಕೆ.ಜಿ. ಮಾಡಿ, ಮೈಲಿಗೊಂದು ಟೀ ಅಂಗಡಿ ಇರುವ ರಸ್ತೆಯ ಮೇಲೆ ಎಳೆದುಕೊಂಡು ಹೋಗುತ್ತೇವೆ.

ಚಾಮರಾಜನಗರಕ್ಕೆ ಹೋಗಿದ್ದು ರೈಲಿನಲ್ಲಿ, ಮೈಸೂರಿನ ಮೇಲೆ, ಸೈಕಲ್ಲುಗಳನ್ನು ಬ್ರೇಕ್ ವ್ಯಾನಿಗೆ ಹಾಕಿಸಿ. ಹಳಿ ಅಲ್ಲಿಗೆ ಮುಗಿಯುತ್ತದೆ. ಈ ಊರಿಗೆ ಕಾಲಿಟ್ಟ ಮುಖ್ಯಮಂತ್ರಿಗಳ ಕುರ್ಚಿ ಹೋಗುತ್ತದೆ ಎಂಬ ಮೂಢನಂಬಿಕೆ ನಿಮಗೆ ಗೊತ್ತೇ ಇದೆ. ಸಿದ್ದರಾಮಯ್ಯನವರು ಮತ್ತೆ ಮತ್ತೆ ಬಂದು ಅದನ್ನು ಸುಳ್ಳು ಮಾಡಿದರು. ನನ್ನ ವಿಷಯದಲ್ಲಿ ಮಾತ್ರ ಅದು ನಿಜವಾಯಿತು. 900 ಗ್ರಾಮಿನ ಮಡಚುವ ಕುರ್ಚಿಯನ್ನು ಪ್ಲಾಟ್‌ಫಾರ್ಮಿನಲ್ಲೇ ಮರೆತು ಬಂದೆ. ಅದು ಹೋಗಿದ್ದು ಗೊತ್ತಾಗಿದ್ದೇ ಮೂರನೇ ದಿನ.

ಅಲ್ಲಿಂದ ತೆರಕಣಾಂಬಿ ಮೇಲೆ ಗುಂಡ್ಲುಪೇಟೆಗೆ 40 ಕಿ.ಮೀ.ಗೂ ಕಡಿಮೆ. ಬಾಳೆ, ಅರಿಶಿನ, ಮುಂದೆ ಹೋದರೆ ಚೆಂಡುಹೂವು, ಸೂರ್ಯಕಾಂತಿ. ಹೊಲದೊಳಗೆ ನುಗ್ಗಿ ಫೋಟೋ ತೆಗೆಸಿಕೊಳ್ಳುವ ಕಾರಿನವರು. ನಕ್ಷೆಯಲ್ಲಿ ನೋಡಿದರೆ ಒಂದು ಬೆಳಗಿನ ಸವಾರಿ. ಆದರೆ ಆಷಾಢದ ಗಾಳಿ ಪಡುವಲಿಂದ ಬರುತ್ತದೆ, ನಾವು ಪಡುವಲಿಗೇ ಹೋಗಬೇಕು. ನಾಲ್ಕು ಕಡೆ ಉಬ್ಬಿಕೊಂಡ ಬ್ಯಾಗುಗಳು ಗಾಳಿಗೆ ಹಾಯಿಯ ಹಾಗೆ ನಿಂತವು. ಇಳಿಜಾರಿನಲ್ಲೂ ತುಳಿಯಬೇಕಾಯಿತು. ಅಷ್ಟರಲ್ಲಿ ಹಿಂದಿನಿಂದ ಬಂದ ಒಬ್ಬ ಯಜಮಾನರು, ಲುಂಗಿ ಎತ್ತಿ ಕಟ್ಟಿ, ಕ್ಯಾರಿಯರಿನಲ್ಲಿ ಎರಡು ಕಟ್ಟು ಹಸಿ ಹುಲ್ಲು ಹೇರಿಕೊಂಡು, ಹಳೇ ಅಟ್ಲಾಸ್ ಸೈಕಲ್ಲಿನಲ್ಲಿ ನಮ್ಮನ್ನು ದಾಟಿಕೊಂಡು ಹೋದರು. ಹೋಗುತ್ತಾ ನಮ್ಮ ಬ್ಯಾಗುಗಳನ್ನು ನೋಡಿ ಕೇಳಿದರು: ‘ಏನ್ ಮಾರೀರಪ್ಪ?’

ಆ ಅಟ್ಲಾಸ್ ಕಂಪನಿ ಸಾಹಿಬಾಬಾದಿನ ತನ್ನ ಕಾರ್ಖಾನೆ ನಿಲ್ಲಿಸಿದ್ದು 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ. ಎಂಟನೇ ಕ್ಲಾಸಿನ ಮಕ್ಕಳಿಗೆ ಸರ್ಕಾರ 2006-07ರಿಂದ ಕೊಡುತ್ತಿದ್ದ ಸೈಕಲ್ಲೂ ಕೊರೊನಾ ಬಂದ ಮೇಲೆ ನಿಂತಿತು. ಇಲ್ಲಿ ಸೈಕಲ್ ತುಳಿಯುವವರ ಸೈಕಲ್ ನಿಲ್ಲುತ್ತಾ ಬಂದ ಹೊತ್ತಿಗೆ ನಮ್ಮ ಪಟ್ಟಿ ಬೆಳೆಯುತ್ತಾ ಬಂತು. ಎರಡಕ್ಕೂ ಸಂಬಂಧ ಇದೆ ಅಂತ ನಾನು ಹೇಳುತ್ತಿಲ್ಲ. ಒಟ್ಟಿಗೆ ನೋಡಿದಾಗ ಹೊಟ್ಟೆಯೊಳಗೆ ಏನೋ ಆಗುತ್ತದೆ, ಅಷ್ಟೆ.

ಗುಂಡ್ಲುಪೇಟೆ ಇನ್ನೂ ಎರಡು ಕಿ.ಮೀ. ಇರುವಾಗ ನನ್ನ ಹಿಂದಿನ ಚಕ್ರ ಪಂಕ್ಚರ್. ಟ್ಯೂಬ್ ಬದಲಾಯಿಸಿದೆ, ಅದು ಬರುತ್ತದೆ. ಕೈಪಂಪು ಹಾಕಿದೆ. 75 ಗ್ರಾಂ ತೂಗುವ, ವಿಮಾನಕ್ಕೆ ಬಳಸುವ ಅಲ್ಯುಮಿನಿಯಮ್ಮಿನದು ಅಂತ ಬರೆದಿದ್ದ ಪಂಪು. ಇನ್ನೂರು ಸಲ ಒತ್ತಿದರೂ ಟಯರು ಅರ್ಧಕ್ಕಿಂತ ಗಟ್ಟಿಯಾಗಲಿಲ್ಲ. ತಳ್ಳಿಕೊಂಡು ಊರೊಳಗೆ ಹೋದೆವು. ಪಂಕ್ಚರ್ ಅಂಗಡಿಯಲ್ಲಿ ಕಂಪ್ರೆಸರ್ ಇತ್ತು, ಲಾರಿಗೂ ಗಾಳಿ ಹಿಡಿಯುವಂಥದು. ಆದರೆ ನನ್ನ ಟ್ಯೂಬಿನದು ಪ್ರೆಸ್ಟಾ ವಾಲ್ವ್, ಕಡ್ಡಿಯ ಹಾಗೆ ಸಣ್ಣಗಿರುತ್ತದಲ್ಲ, ಅದು. ಬೈಕಿನ ಗಾಳಿ ಅದಕ್ಕೆ ಕೂರುವುದಿಲ್ಲ. ಕೂರಿಸೋಕೆ ಹಿತ್ತಾಳೆಯ ಒಂದು ಪುಟ್ಟ ಅಡಾಪ್ಟರ್ ಬರುತ್ತದೆ. ಮೂವತ್ತೋ ನಲವತ್ತೋ ರೂಪಾಯಿ, ಹುಣಸೆ ಬೀಜದಷ್ಟು ಗಾತ್ರ. ನನ್ನ 64 ಸಾಲಿನಲ್ಲಿ ಅದು ಇರಲಿಲ್ಲ. ಟೈಟಾನಿಯಂ ಲೋಟ ಇತ್ತು.

ಅಂಗಡಿಯ ಹುಡುಗ ನಗಲಿಲ್ಲ. ನನ್ನ ಸೈಕಲ್ಲನ್ನು ಒಂದು ಸುತ್ತು ನೋಡಿ, ಪಕ್ಕದ ಬೀದಿಯಿಂದ ಯಾರದೋ ಹಳೇ ಕಾಲುಪಂಪು ತಂದು, ಅದರ ಬಾಯಿಗೆ ಬಟ್ಟೆ ಚೂರು ಸುತ್ತಿ, ಹೇಗೋ ಹಿಡಿಸಿದ. ನಂತರ ಟಯರಿನ ಮೇಲೆ ಬೆರಳಿಟ್ಟು, ‘ಅಣ್ಣ, ಈ ಅಳತೆ ಇಲ್ಲಿ ಸಿಕ್ಕಲ್ಲ, ಮೈಸೂರಿಗೇ ಹೋಗ್ಬೇಕು’ ಅಂದ. ಅವನು ಹೇಳಿದ್ದು ಈ ಇಡೀ ಹವ್ಯಾಸದಲ್ಲಿ ನಾನು ಕೇಳಿದ ಅತ್ಯಂತ ಉಪಯುಕ್ತ ಮಾತು. ಹಾಲಿನವರು, ಹುಲ್ಲಿನವರು ಓಡಿಸುವ ಕಪ್ಪು ಸೈಕಲ್ಲಿನ 28 ಇಂಚಿನ ಟಯರು ಕೂರುವ ರಿಮ್ಮಿನ ಅಳತೆ 635 ಮಿ.ಮೀ. ನಾವು ಎಪ್ಪತ್ತು ಎಂಬತ್ತು ಸಾವಿರ ಕೊಟ್ಟು ತರುವ ಸೈಕಲ್ಲಿನದು 622. ನೋಡೋಕೆ ಒಂದೇ, ಒಂದರದು ಇನ್ನೊಂದಕ್ಕೆ ಏರುವುದಿಲ್ಲ. ಅದೇ ಸಾಧಾರಣ 26 ಇಂಚಿನ ಎಂ.ಟಿ.ಬಿ. ಆಗಿದ್ದರೆ, ಕಾಲೇಜು ಹುಡುಗರು ಓಡಿಸುತ್ತಾರಲ್ಲ ಅಂಥದು, ಟಯರು, ಟ್ಯೂಬು, ಕಡ್ಡಿ ಎಲ್ಲ ತಾಲ್ಲೂಕು ಕೇಂದ್ರದಲ್ಲೇ ಸಿಗುತ್ತದೆ. ಅಲ್ಯುಮಿನಿಯಂ ಕ್ಯಾರಿಯರ್ ಮುರಿದರೆ ಕಥೆ ಮುಗಿಯಿತು. ಕಬ್ಬಿಣದ್ದು ಮುರಿದರೆ ಟ್ರ್ಯಾಕ್ಟರ್ ವೆಲ್ಡಿಂಗ್ ಶಾಪಿನಲ್ಲಿ ಹತ್ತು ನಿಮಿಷ. ಊಟಿಯ ಕಡೆಗೆ ಹತ್ತಬೇಕಾದರೆ, ಅದರಲ್ಲೂ 36 ತಿರುವಿನ ಕಲ್ಲಟ್ಟಿಯಲ್ಲಿ ಹತ್ತಬೇಕಾದರೆ, ಕೆಲಸಕ್ಕೆ ಬರುವುದು ಹಿಂದಿನ ದೊಡ್ಡ ಗೇರು ಮತ್ತು ಖಾಲಿ ಬ್ಯಾಗು. ಇಷ್ಟು ತಿಳಿಯೋಕೆ ನನಗೆ 92 ಸಾವಿರ ಖರ್ಚಾಯಿತು, ಸೈಕಲ್ ಬಿಟ್ಟು.

ಇನ್ನು ಟೆಂಟು, ಸ್ಟೌ. ‘ಬಂಡೀಪುರದ ಹತ್ರ ವೈಲ್ಡ್ ಕ್ಯಾಂಪಿಂಗ್ ಮಾಡಣ’ ಅಂತ ಮೀಟಿಂಗ್ ರೂಮಿನಲ್ಲಿ ಪ್ಲಾನ್ ಹಾಕುವವರನ್ನು ನಾನೇ ಕಂಡಿದ್ದೇನೆ. ಅವರಲ್ಲಿ ನಾನೂ ಒಬ್ಬ. ಬಂಡೀಪುರ 1973ರಲ್ಲಿ ಹುಲಿ ಯೋಜನೆಗೆ ಸೇರಿದ ಮೊದಲ ಒಂಬತ್ತು ಕಾಡುಗಳಲ್ಲಿ ಒಂದು. ಅದರ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಾಮಾನ್ಯ ಸಂಚಾರ ಇಲ್ಲ, 2009ರಿಂದ. ಹಗಲಲ್ಲೂ ಗಾಡಿ ನಿಲ್ಲಿಸಿ ಇಳಿಯುವಂತಿಲ್ಲ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಒಳಗೆ ಹೋಗುವುದೂ ಅಪರಾಧ, ಬೆಂಕಿ ಹಚ್ಚುವುದೂ ಅಪರಾಧ. 2019ರ ಫೆಬ್ರವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತ ಸಾವಿರಾರು ಎಕರೆ ಉರಿದಿದ್ದನ್ನು ಟೀವಿಯಲ್ಲಿ ನೋಡಿ ಮರುಗಿದವರೇ ನಾವು. ಈಗ ಅದೇ ಕಾಡಿನ ಅಂಚಿನಲ್ಲಿ ನಮಗೆ ಕ್ಯಾಂಪ್‌ಫೈರ್ ಬೇಕು. ಇತ್ತ ಬಿಳಿಗಿರಿರಂಗನ ಬೆಟ್ಟದಲ್ಲಿ 1974ರಲ್ಲಿ ಅಭಯಾರಣ್ಯ ಮಾಡಿದಾಗ ಸೋಲಿಗರನ್ನು ಒಳಗಿನ ಪೋಡುಗಳಿಂದ ಎಬ್ಬಿಸಿದರು. ಆ ಕಾಡಿನ ಮೇಲೆ ಅವರ ಹಕ್ಕಿಗೆ ಕಾಗದ ಸಿಕ್ಕಿದ್ದು 2011ರಲ್ಲಿ. ಅಲ್ಲೇ ಹುಟ್ಟಿದವರು 37 ವರ್ಷ ಕಾದ ಜಾಗದಲ್ಲಿ ಶನಿವಾರ ರಾತ್ರಿ ಟೆಂಟು ಹೊಡೆದು ಭಾನುವಾರ ಎದ್ದು ಬರುತ್ತೇವೆ ಅನ್ನೋಕೆ ನಮಗೆ ಯಾವ ಧೈರ್ಯ ಸ್ವಾಮಿ?

ನಾವು ಕಾಡೊಳಗೆ ಹೋಗಲಿಲ್ಲ, ಅಷ್ಟು ಬುದ್ಧಿ ಇತ್ತು. ಹಂಗಳದ ಕಡೆ, ಹೊಲದ ಬದುವಿನಲ್ಲಿ, ಕತ್ತಲಾಗುವ ಹೊತ್ತಿಗೆ ಎರಡು ಟೆಂಟು ಬಿಚ್ಚಿದೆವು. ನನ್ನದು ಅರ್ಧ ನಿಂತಿತ್ತು. ದೂರದಿಂದ ಟಾರ್ಚು ಬಂತು.

‘ಯಾರ್ರಪ್ಪ ಅದು?’

ಹೇಳಿದೆವು. ಆ ರೈತರು ಟಾರ್ಚನ್ನು ಟೆಂಟಿನ ಮೇಲೆ ಬಿಟ್ಟು, ಆಮೇಲೆ ಬದುವಿನ ಆಚೆ ಇದ್ದ ಜೋಳದ ಮೇಲೆ ಬಿಟ್ಟರು. ‘ದಿನಾ ರಾತ್ರಿ ಆನೆ ಬತ್ತವೆ ಕನ್ರಪ್ಪ ಇಲ್ಲಿ. ನಾವು ಅಟ್ಟಣೆ ಮೇಲೆ ಕೂತ್ಕಂಡು ತಮ್ಟೆ ಬಡೀತೀವಿ. ನೀವು ಅವು ಬರೋ ದಾರೀಲೇ ಗುಡಾರ ಹಾಕೀರಲ್ಲ. ನಿಮ್ಗೇನಾರ ಆದ್ರೆ ನಾಳಿಕೆ ಟೇಸನ್ನಿಗೆ ಓಗೋನು ನಾನು.’

ಯಾವ ಪಟ್ಟಿಯಲ್ಲೂ ಇಲ್ಲದ ಮಾತು ಇದು. ಟೆಂಟಿನ ತೂಕ, ನೀರು ತಡೆಯುವ ಶಕ್ತಿ, ಕಂಬಿಯ ಮಿಶ್ರಲೋಹ ಎಲ್ಲ ಓದಿದ್ದೆ. ನಾನು ಇನ್ನೊಬ್ಬರ ಹೊಲದಲ್ಲಿ ಮಲಗಿದರೆ ನನ್ನ ಜೀವದ ಜವಾಬ್ದಾರಿ ಅವರ ತಲೆಗೆ ಬರುತ್ತದೆ ಅನ್ನೋದು ಎಲ್ಲೂ ಬರೆದಿರಲಿಲ್ಲ. ಟೆಂಟು ಕಿತ್ತೆವು. ಅವರು ಮನೆಗೆ ಕರೆದುಕೊಂಡು ಹೋದರು. ಹಿಟ್ಟು, ಉಪ್ಸಾರು, ಹುರುಳಿಕಾಳು. ಜಗಲಿಯ ಮೇಲೆ ಎರಡು ಚಾಪೆ, ಎರಡು ಕಂಬಳಿ. ಮೂಲೆಯಲ್ಲಿ ಮಗಳ ಸ್ಕೂಲ್ ಸೈಕಲ್ಲು, ಈಗ ಅದಕ್ಕೆ ಹಾಲಿನ ಕ್ಯಾನು ಕಟ್ಟಿದ್ದಾರೆ. ಅಂಥ ನಿದ್ದೆ ನನಗೆ ಎಷ್ಟೋ ವರ್ಷದಿಂದ ಬಂದಿರಲಿಲ್ಲ.

ಬೆಂಗಳೂರಿಗೆ ಬಂದವನೇ ಎಕ್ಸೆಲ್ ಶೀಟ್ ತೆಗೆದು ಅಳಿಸಲು ಕೂತೆ. ಟೆಂಟು, ಚಾಪೆ, ದಿಂಬು, ಸ್ಟೌ, ಪಾತ್ರೆ, ನೀರು ಸೋಸುವ ಫಿಲ್ಟರು. ಊರೂರಿಗೂ ನಲ್ಲಿ ಇದೆ, ಫಿಲ್ಟರ್ ಯಾಕೆ? ಅಳಿಸುತ್ತಾ ಅಳಿಸುತ್ತಾ ಒಂದು ಲೇಖನವನ್ನೂ ಬರೆದೆ. ಅದರಲ್ಲಿ ಥಾಮಸ್ ಸ್ಟೀವನ್ಸ್‌ನನ್ನು ತಂದಿದ್ದೆ. 1884ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟು, ದೊಡ್ಡ ಚಕ್ರದ ಸೈಕಲ್ಲಿನಲ್ಲಿ ಪ್ರಪಂಚ ಸುತ್ತಿ 1886ರ ಡಿಸೆಂಬರಿನಲ್ಲಿ ಯೊಕೊಹಾಮ ಮುಟ್ಟಿದವನು. ಲಾಹೋರಿನಿಂದ ಕಲ್ಕತ್ತಾವರೆಗೆ ಇಲ್ಲೂ ತುಳಿದಿದ್ದ. ಹೊರಟಾಗ ಅವನ ಹತ್ತಿರ ಇದ್ದಿದ್ದು ಕಾಲುಚೀಲ, ಇನ್ನೊಂದು ಅಂಗಿ, ಟೆಂಟೂ ಹಾಸಿಗೆಯೂ ಆಗುವ ಒಂದು ಮಳೆಕೋಟು, ಒಂದು ಪಿಸ್ತೂಲು. 1963ರಲ್ಲಿ ಐರ್ಲೆಂಡಿನಿಂದ ಭಾರತಕ್ಕೆ ಸೈಕಲ್ಲಿನಲ್ಲಿ ಬಂದ ಡರ್ವ್ಲಾ ಮರ್ಫಿ ಹೊರಡುವ ಮುಂಚೆ ಗೇರುಗಳನ್ನೇ ಕಿತ್ತುಹಾಕಿಸಿದರು, ದಾರಿಯಲ್ಲಿ ಕೆಟ್ಟರೆ ಕಷ್ಟ ಅಂತ. ಮುಂದೆ ಪುಟ್ಟ ಮಗಳನ್ನು ಕರೆದುಕೊಂಡು ನಮ್ಮ ಕೊಡಗಿಗೆ ಬಂದು ಇದ್ದು ಹೋದವರೂ ಅವರೇ. ಇದಕ್ಕಿಂತ ಹತ್ತಿರದ ಸಾಕ್ಷಿಯೂ ಇತ್ತು. ಶಿವರಾತ್ರಿಗೆ ಕನಕಪುರದ ಸಂಗಮದಲ್ಲಿ ಕಾವೇರಿ ದಾಟಿ ಮಲೆ ಮಹದೇಶ್ವರನ ಬೆಟ್ಟಕ್ಕೆ ನಡೆದು ಹೋಗುವವರು. ಹೆಗಲಿಗೊಂದು ಗಂಟು, ಅದರಲ್ಲಿ ಒಂದು ಜೊತೆ ಬಟ್ಟೆ, ಒಂದು ದುಪ್ಪಟಿ. ದಾರಿಯುದ್ದಕ್ಕೂ ಭಕ್ತರು ಇಟ್ಟ ಅರವಟ್ಟಿಗೆ, ಅನ್ನದ ಪಾತ್ರೆ. ಅದನ್ನು ‘ಅಲ್ಟ್ರಾಲೈಟ್’ ಅಂತ ಯಾರೂ ಕರೆಯುವುದಿಲ್ಲ. ಸಾಮಾನು ಕೊಳ್ಳುವುದು ಅಂದರೆ ಜನರನ್ನು ಕೇಳದೆ ಇರೋಕೆ ಹಣ ಕಟ್ಟುವುದು ಅಂತ ಬರೆದು, ಜಗಲಿಯನ್ನು ಹೊಗಳಿ, ಗೆಳೆಯನಿಗೆ ಕಳಿಸಿದೆ. ಅವತ್ತು ನನ್ನ ಜೊತೆ ಅದೇ ಜಗಲಿಯ ಮೇಲೆ ಮಲಗಿದ್ದ ಗೆಳೆಯನಿಗೆ.

ಅವನು ಎರಡು ದಿನ ಉತ್ತರ ಕೊಡಲಿಲ್ಲ. ಮೂರನೇ ದಿನ ಕಾಫಿಗೆ ಕರೆದ.

‘ಚೆನ್ನಾಗಿದೆ ಮಗಾ. ಆದ್ರೆ ಅವತ್ತು ಊಟಕ್ಕೆ ಮುಂಚೆ ಅಜ್ಜಿ ಏನ್ ಕೇಳಿದ್ರು ನೆನಪಿದ್ಯಾ?’

ನೆನಪಿತ್ತು. ‘ಯಾವ ಜನ ಮೊಗ ನೀವು?’ ಅಂತ. ನಾನು ಹೇಳಿದ್ದೆ. ಹೆಸರು ಹೇಳಿದಷ್ಟು ಸಲೀಸಾಗಿ. ಅವನು ‘ಬೆಂಗ್ಳೂರೋರು ಅಜ್ಜಿ’ ಅಂದಿದ್ದ. ಅಜ್ಜಿ ಮತ್ತೆ ಕೇಳಿರಲಿಲ್ಲ, ನಾನು ಅದನ್ನು ಗಮನಿಸಿಯೂ ಇರಲಿಲ್ಲ.

‘ನಿನಗೆ ಅಂಥ ನಿದ್ದೆ ಬಂತು ಅಂತ ಬರೆದಿದ್ದೀಯ. ನಾನು ನಿದ್ದೆ ಮಾಡ್ಲಿಲ್ಲ. ಬೆಳಗ್ಗೆ ಇನ್ನೊಂದ್ಸಲ ಕೇಳಿದ್ರೆ ಏನ್ ಹೇಳ್ಲಿ ಅಂತ ಯೋಚ್ನೆ ಮಾಡ್ತಿದ್ದೆ. ಅವರು ಒಳ್ಳೆಯವ್ರು ಕಣೋ. ನಿಜ ಹೇಳಿದ್ರೂ ಊಟ ಹಾಕ್ತಿದ್ರೇನೋ. ಜಗಲಿ ಮೇಲೋ, ಅಂಗಳದಲ್ಲೋ, ಅದ್ ಗೊತ್ತಿಲ್ಲ. ಆ ಗೊತ್ತಿಲ್ಲ ಅನ್ನೋದು ಇದ್ಯಲ್ಲ, ಅದಕ್ಕೇ ನಾನು ಎರಡು ಕೆ.ಜಿ. ಟೆಂಟ್ ಹೊರ್ತೀನಿ. ಅದ್ರೊಳಗೆ ಯಾರೂ ಕೇಳಲ್ಲ.’

ಆಮೇಲೆ ಫಿಲ್ಟರಿನ ವಿಷಯ ತೆಗೆದ. ನಾನು ಅಳಿಸಿದ ಸಾಲುಗಳನ್ನು ಅವನು ಒಂದೊಂದಾಗಿ ನೋಡಿದ್ದ. 2022ರ ನವೆಂಬರಿನಲ್ಲಿ ಚಾಮರಾಜನಗರ ತಾಲ್ಲೂಕಿನ ಹೆಗ್ಗೋಠಾರದಲ್ಲಿ ಮದುವೆಗೆ ಬಂದಿದ್ದ ದಲಿತ ಹೆಣ್ಣುಮಗಳೊಬ್ಬರು ತೊಂಬೆಯ ನೀರು ಕುಡಿದರು ಅಂತ ತೊಂಬೆಯನ್ನೇ ಖಾಲಿ ಮಾಡಿ ಗಂಜಲದಿಂದ ತೊಳೆದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ನಾನೂ ಓದಿದ್ದೆ, ಛೇ ಅಂದಿದ್ದೆ. ನಾವು ಸೈಕಲ್ ಹತ್ತಿದ್ದು ಅದೇ ತಾಲ್ಲೂಕಿನಲ್ಲಿ. ದಾರಿಯಲ್ಲಿ ಒಂದು ತೊಂಬೆ ಸಿಕ್ಕಿದಾಗ ನಾನು ಬಾಟಲಿ ಹಿಡಿದು ಹೋಗಿ ನಲ್ಲಿ ತಿರುಗಿಸಿದ್ದೆ. ಅವನು ಸೈಕಲ್ ಮೇಲೇ ಕೂತು ಬಾಟಲಿಯನ್ನು ನನ್ನ ಕೈಗೆ ಕೊಟ್ಟಿದ್ದ. ಸುಸ್ತಾಗಿದ್ದಾನೆ ಅಂದುಕೊಂಡಿದ್ದೆ.

ಇದನ್ನೇ ಇನ್ನೊಂದು ರೀತಿಯಲ್ಲಿ ಆಫೀಸಿನ ಗೆಳತಿ ಒಬ್ಬಳು ಮೊದಲೇ ಹೇಳಿದ್ದಳು. ಅಪರಿಚಿತರ ಜಗಲಿ ನಿನಗೆ ಅನುಭವ, ನನಗೆ ರಾತ್ರಿಯಿಡೀ ಲೆಕ್ಕಾಚಾರ ಅಂತ. ಅವಳ ಪಟ್ಟಿಯಲ್ಲಿ ಲಾಡ್ಜಿನ ಫೋನ್ ನಂಬರುಗಳು ಮೊದಲು, ಪಂಪು ಆಮೇಲೆ. ನಾನು ಆಗ ‘ಹೂಂ’ ಅಂದು ಮರೆತಿದ್ದೆ.

ಹಾಗಾದರೆ ನನ್ನ ವಾದ ಬಿತ್ತಾ? ಪೂರ್ತಿ ಬೀಳಲಿಲ್ಲ. ಗಾಳಿ ತುಂಬುವ ದಿಂಬಿಗೂ ಮಡಚುವ ಬಕೆಟ್ಟಿಗೂ ಟೈಟಾನಿಯಂ ಲೋಟಕ್ಕೂ ಯಾವ ಜಾತಿಯ ಸಮಜಾಯಿಷಿಯೂ ಇಲ್ಲ, ಅದನ್ನು ಅವನೂ ಒಪ್ಪುತ್ತಾನೆ. ಅವನ ಟೆಂಟಿಗೂ ಆನೆ ದಾರಿ ಗೊತ್ತಿಲ್ಲ, ಆದ್ದರಿಂದ ಅದನ್ನು ಎಲ್ಲಿ ಹೊಡೆಯಬೇಕು ಅಂತ ಕೇಳಲೇಬೇಕು. ಪೆಟ್ರೋಲ್ ಬಂಕಿನ ಹಿಂದೆಯೋ, ಸ್ಕೂಲಿನ ಅಂಗಳದಲ್ಲೋ, ಯಾರನ್ನಾದರೂ. ಆದರೆ ‘ಏನೂ ತರಬೇಡಿ, ಜನ ನೋಡಿಕೊಳ್ಳುತ್ತಾರೆ’ ಅಂತ ಉಪದೇಶ ಮಾಡುವ ನನ್ನಂಥವರ ಬ್ಯಾಗು ಖಾಲಿ ಇರುವುದಿಲ್ಲ. ‘ಯಾವ ಜನ’ ಅಂದರೆ ಸಲೀಸಾಗಿ ಬರುವ ಉತ್ತರ ಅದರೊಳಗೆ ಮೊದಲೇ ಇರುತ್ತದೆ. ಆ ಉತ್ತರಕ್ಕೆ ತೂಕ ಇಲ್ಲ, ಬೆಲೆಯೂ ಇಲ್ಲ, ಅದಕ್ಕೇ ಅದು ನನ್ನ ಶೀಟಿನಲ್ಲಿ ಬರಲಿಲ್ಲ. ಹಳೇ ಲೇಖನವನ್ನು ಅಳಿಸಿ ಇದನ್ನು ಬರೆದೆ. ಅವನಿಗೆ ತೋರಿಸಿದ್ದೇನೆ. ‘ನನ್ನ ಹೆಸರು ಹಾಕ್ಬೇಡ’ ಅಂದ, ಹಾಕಿಲ್ಲ.

ದಸರಾ ರಜೆಗೆ ಮತ್ತೆ ಹೊರಡುತ್ತಿದ್ದೇವೆ, ಚಾಮರಾಜನಗರದಿಂದಲೇ. ಈ ಸಲ ಪುಣಜನೂರು, ಹಾಸನೂರಿನ ಮೇಲೆ ದಿಂಬಂ ಘಾಟಿ ಇಳಿದು ಸತ್ಯಮಂಗಲ. ಅಲ್ಲೂ ಕಾಡು, ಹಗಲಿನಲ್ಲೇ ದಾಟಬೇಕು. ಶೀಟಿನಲ್ಲಿ ಈಗ 19 ಸಾಲು. ಅಡಾಪ್ಟರ್ ಎರಡಿದೆ, ಒಂದು ಕಳೆದರೆ ಇರಲಿ ಅಂತ. ಫಿಲ್ಟರ್ ವಾಪಸ್ ಬಂದಿದೆ. ಟೆಂಟು ಒಂದೇ, ಅವನದು. ಇಬ್ಬರು ಹಿಡಿಸುತ್ತಾರೆ. ‘ಒಳಗೆ ಬಿಟ್ಕೊಳ್ಬೇಕಾದ್ರೆ ನಾನೂ ಒಂದ್ ಪ್ರಶ್ನೆ ಕೇಳ್ತೀನಿ’ ಅಂತ ನಗುತ್ತಾನೆ. ನನ್ನ ಟೆಂಟು ಮಾರಾಟಕ್ಕಿದೆ, ಒಂದು ಸಲ ಅರ್ಧ ಬಿಚ್ಚಿದ್ದು, ಒಂದು ಗೂಟಕ್ಕೆ ಹಂಗಳದ ಮಣ್ಣು ಹಾಗೇ ಇದೆ. ದಿಂಬಂನಲ್ಲಿ 27 ತಿರುವು, ಇಳಿಯುವ ಮುಂಚೆ ಬ್ರೇಕ್ ಪ್ಯಾಡು ಬದಲಾಯಿಸಬೇಕು. ಅದನ್ನು ಇನ್ನೂ ತಂದಿಲ್ಲ.